ಹಾರುವ ಮುನ್ನ ನನ್ನನ್ನು ತೂಗಿದರು

ಬೆಲೆ ಹೇಳುವವನ ಮುಖ ನೋಡಿದರೆ ಸಾಕು, ಅವನು ಎಲ್ಲಿಗೆ ಇಳಿಯುತ್ತಾನೆಂದು ನಾನು ಮೊದಲೇ ಹೇಳಬಲ್ಲೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವುದರಿಂದ ಶುರುಮಾಡಿ, ಅದೇ ಮಾರುಕಟ್ಟೆಯಲ್ಲಿ ಸ್ವಂತ ಅಂಗಡಿ ಹಾಕಿ ಕೂತವನಿಗೆ ಅಷ್ಟೂ ಬಾರದಿದ್ದರೆ ಹೇಗೆ? ಜನ ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ಎತ್ತು ಕೊಳ್ಳುವವರು, ಹಾವೇರಿ ಕೋರ್ಟಿಗೆ ಹೋಗುವವರು, ರಾಣೇಬೆನ್ನೂರಿನಲ್ಲಿ ಹೆಣ್ಣು ನೋಡುವವರು ಎಲ್ಲರೂ ಬರುತ್ತಾರೆ. ಬಾರದವರಿಗೆ ನಾನೇ ಹೋಗಿ ಹೇಳುತ್ತೇನೆ. ವಿಮಾನದಲ್ಲಿ ಹೋಗುವುದು ಹೇಗೆಂದು ಮಾತ್ರ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆ!

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಅಳಿಯನಿಗೆ ಟೆಲಿಫೋನ್ ಇಲಾಖೆಯಲ್ಲಿ ಕೆಲಸ. ಅವನನ್ನು ಲಕ್ಷದ್ವೀಪದ ಅಗತ್ತಿ ಎಂಬ ನಡುಗಡ್ಡೆಗೆ ಹಾಕಿದ್ದರು. ಮಗಳು ಸುಮಂಗಲಾ ಅವನ ಜೊತೆಗಿದ್ದಳು, ಚೊಚ್ಚಲ ಬಸುರಿ. ಮೇ ತಿಂಗಳಲ್ಲಿ ಅಳಿಯ ಫೋನು ಮಾಡಿದ. ಕೂಸು ಅಡ್ಡ ಮಲಗಿದೆ, ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಮಳೆಗಾಲ ಕೂತಿತೆಂದರೆ ಹಡಗಿಗೆ ದಾಟಿಸುವ ದೋಣಿಗಳು ನಿಲ್ಲುತ್ತವೆ. ಉಳಿದದ್ದು ಕೊಚ್ಚಿಯಿಂದ ಹಾರುವ ಒಂದು ಸಣ್ಣ ವಿಮಾನ. ಅದರವರೂ ದಿನ ತುಂಬುತ್ತ ಬಂದ ಬಸುರಿಯನ್ನು ಹತ್ತಿಸಿಕೊಳ್ಳುವುದಿಲ್ಲ. ಡಾಕ್ಟರ ಚೀಟಿಯ ಪ್ರಕಾರ ಅವಳು ಹಾರಬಹುದಾದದ್ದು ಇನ್ನು ಮೂರೇ ವಾರ. ಅಳಿಯನಿಗೆ ರಜೆಯಿಲ್ಲ, ಅವನ ಜಾಗಕ್ಕೆ ಬರಬೇಕಾದವನು ಬಂದಿಲ್ಲ. ಯಾರಾದರೂ ಹೋಗಿ ಕರೆತರಬೇಕು.

'ಯಾರಾದರೂ' ಎಂದರೆ ನಾನು! ಹೆಂಡತಿ ನೀಲವ್ವ ತಾನೂ ಬರುತ್ತೇನೆಂದಳು. ಹೋಗುವಾಗ ಇಬ್ಬರು, ಬರುವಾಗ ಮೂವರು ಎಂದು ಸೀಟು ಹೇಳಿದ್ದಾಯಿತು. ದ್ವೀಪಕ್ಕೆ ಹೋಗಲು ಬೇಕಾದ ಪರವಾನಗಿಯನ್ನು ಅಳಿಯ ಮಾಡಿಸಿದ. ಇಲ್ಲಿಯವರೆಗೆ ಎಲ್ಲವೂ ಸುಸೂತ್ರ, ಏಕೆಂದರೆ ಇಲ್ಲಿಯವರೆಗೆ ನಾನು ಕೈಹಾಕಿರಲಿಲ್ಲ.

ಆಮೇಲೆ ವಿಮಾನ ಕಚೇರಿಯಿಂದ ಒಂದು ಫಾರಂ ಬಂತು. ಹೆಸರು, ವಯಸ್ಸು, ವಿಳಾಸ. ಅದರ ಕೆಳಗೆ ಪ್ರಯಾಣಿಕರ ದೇಹದ ತೂಕ.

ನಾನು ಆ ಸಾಲನ್ನು ಮೂರು ಸಲ ಓದಿದೆ. ತೂಕ ಕೇಳುವವನು ತೂಕದ ಮೇಲೆ ಕಾಸು ಕೇಳದೆ ಇರುತ್ತಾನೆಯೇ? ಇಂದಿಲ್ಲವಾದರೆ ವಿಮಾನದ ಬಾಗಿಲಲ್ಲಿ ಕೇಳುತ್ತಾನೆ! ನಮ್ಮಿಬ್ಬರನ್ನೂ ಅಂಗಡಿಯ ಕಾಟಾದ ಮೇಲೆ ತೂಗಿದೆ. ನಾನು ಎಂಬತ್ನಾಲ್ಕು ಕಿಲೋ, ನೀಲವ್ವ ಅರವತ್ತಾರು. ಇದು ಒಟ್ಟು ತೂಕ. ಮೆಣಸಿನಕಾಯಿ ತೂಗಿದ ಮೇಲೆ ಚೀಲದ ತೂಕ ಕಳೆಯುವುದು ನಮ್ಮಲ್ಲಿ ಪದ್ಧತಿ. ಹಾಗೆ ನನ್ನ ಧೋತರ, ಅಂಗಿ, ಕಾಲ್ಮರಿ ಚಪ್ಪಲಿ ಕಳೆದೆ. ನೀಲವ್ವನ ಇಳಕಲ್ ಸೀರೆ, ಬಳೆ, ಸರ ಕಳೆದೆ. ಮಾಲು ಹಸಿಯಿದ್ದರೆ ತೇವಕ್ಕೆಂದು ಇನ್ನಷ್ಟು ಕಳೆಯುತ್ತೇವೆ. ಮೇ ತಿಂಗಳ ಬೆವರನ್ನು ಲೆಕ್ಕ ಹಿಡಿದು ಅದನ್ನೂ ಕಳೆದೆ. ಉಳಿದದ್ದರಲ್ಲಿ ಮೊದಲ ಮಾತಿಗೆ ಎಷ್ಟು ಹೇಳಬೇಕೋ ಅಷ್ಟು ಹೇಳಿದೆ. ನನಗೆ ಐವತ್ತೆಂಟು, ಅವಳಿಗೆ ನಲವತ್ತೈದು.

ನೀಲವ್ವ ಫಾರಂ ನೋಡಿದಳು. "ಇದು ನಾ ಲಗ್ನಾಗಿ ಬಂದಾಗಿನ ತೂಕ. ಖರೇ ಎಷ್ಟೈತಿ ಅಷ್ಟ ಬರೀರಲ್ಲ, ಅವ್ರೇನ್ ನಮ್ಮನ್ನ ಪ್ಯಾಟ್ಯಾಗ ಮಾರಾಕ ಒಯ್ತಾರ?"

ಮೊದಲು ಹೇಳಿದ್ದು ಎಂದೂ ಕೊನೆಯ ಮಾತಲ್ಲ, ಅವರು ಹೆಚ್ಚು ಹೇಳುತ್ತಾರೆ, ನಾವು ಸ್ವಲ್ಪ ಏರುತ್ತೇವೆ, ನಡುವೆ ಎಲ್ಲೋ ಮುಗಿಯುತ್ತದೆ ಎಂದು ವಿವರಿಸಿದೆ. ಅವಳು ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ಆ ರೊಟ್ಟಿಯ ಸದ್ದಿನಲ್ಲಿ ಉತ್ತರವಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ರೊಟ್ಟಿ ಯಾರಿಗೆಂದರೆ ಅಳಿಯನಿಗೆ. ಮಗಳನ್ನು ಕರೆತಂದರೆ ಅವನು ನಾಲ್ಕೈದು ತಿಂಗಳು ಒಬ್ಬನೇ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೆಣಸಿನಪುಡಿ, ಹುರಿಗಡಲೆ ಎಲ್ಲ ಸೇರಿ ಸಾಮಾನು ಬೆಟ್ಟವಾಯಿತು. ವಿಮಾನದಲ್ಲಿ ತಲಾ ಹತ್ತು ಕಿಲೋ ಮಾತ್ರ ಎಂದು ಅಳಿಯ ಎಚ್ಚರಿಸಿದ್ದ. ಆಗ ನನಗೆ ಹೊಳೆದ ಉಪಾಯವನ್ನು ನೆನೆದು ಒಂದು ವಾರ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಅವರು ಗಂಟುಮೂಟೆ ತೂಗುತ್ತಾರೆ, ಮೈಮೇಲಿನ ಕೋಟು ತೂಗುತ್ತಾರೆಯೇ?

ಓಣಿಯ ದರ್ಜಿ ಖಾದರಸಾಬನಿಗೆ ಕೋಟು ಕೊಟ್ಟು ಒಳಗೆ ಹನ್ನೆರಡು ಜೇಬು ಹೊಲಿಯಲು ಹೇಳಿದೆ. ಅವನು ಬಾಯಲ್ಲಿದ್ದ ದಾರ ತೆಗೆದು ನನ್ನನ್ನೇ ನೋಡಿದ. "ಸಾವಕಾರ್ರ, ಇದು ಕೋಟೋ, ಕಾಳು ತುಂಬೂ ಹಗೇವೋ?"

ಮಂಗಳೂರಿನವರೆಗೆ ಬಸ್ಸು, ಅಲ್ಲಿಂದ ಕೊಚ್ಚಿಗೆ ರೈಲು. ಮೇ ತಿಂಗಳ ಸೆಕೆಯಲ್ಲಿ ಉಣ್ಣೆಯ ಕೋಟು ತೊಟ್ಟು, ಒಳಗೆ ಹನ್ನೆರಡು ಕಿಲೋ ಚಟ್ನಿ ಮೆಣಸಿನಪುಡಿ ತುಂಬಿಕೊಂಡು ವಿಮಾನ ನಿಲ್ದಾಣದ ಒಳಗೆ ಕಾಲಿಟ್ಟೆ. ಗಾಜಿನಾಚೆ ಅದು ನಿಂತಿತ್ತು.

ಅದು ನಮ್ಮೂರ ಹುಬ್ಬಳ್ಳಿ ಬಸ್ಸಿಗಿಂತ ಸ್ವಲ್ಪವೇ ದೊಡ್ಡದು. ಒಳಗೆ ಕೂರುವವರು ಹದಿನೈದು ಇಪ್ಪತ್ತು ಮಂದಿ ಇರಬಹುದು. ಎರಡು ರೆಕ್ಕೆಗೆ ಎರಡು ಪಂಕ. ಇದು ನೆಲವೇ ಇಲ್ಲದ ಕಡೆ, ಒಂದೂವರೆ ತಾಸು ನೀರಿನ ಮೇಲೆ ಹಾರಿ, ಆ ಅಷ್ಟು ದೊಡ್ಡ ಸಮುದ್ರದಲ್ಲಿ ನನ್ನ ಮಗಳಿರುವ ಅಷ್ಟೇ ಅಷ್ಟು ಮಣ್ಣನ್ನು ಹುಡುಕಿ ಇಳಿಯುತ್ತದಂತೆ! ಬಿಳಿ ಅಂಗಿಯ ಪೈಲಟ್ ಅದರ ಸುತ್ತ ನಡೆಯುತ್ತ, ಕೊಳ್ಳುವ ಎತ್ತನ್ನು ನೋಡುವ ಹಾಗೆ ಗಾಲಿ, ರೆಕ್ಕೆ, ಬಾಲ ಎಲ್ಲವನ್ನೂ ಮುಟ್ಟಿ ನೋಡುತ್ತಿದ್ದ. ಅವನ ಮೇಲೆ ನನಗೆ ಅಲ್ಲೇ ಭಕ್ತಿ ಹುಟ್ಟಿತು.

ಮೇಜಿನ ಹಿಂದೆ ಕನ್ನಡಕದ ಒಬ್ಬ ಅಧಿಕಾರಿ ಕೂತಿದ್ದ. ಅವನು ನಮ್ಮ ಚೀಲಗಳನ್ನು ತೂಗಿದ. ಸರಿಯಾಗಿ ಇಪ್ಪತ್ತು ಕಿಲೋ! ನಾನು ನೀಲವ್ವನ ಕಡೆ ಗೆದ್ದ ನಗೆ ನಕ್ಕೆ. ಅಧಿಕಾರಿ ಚೀಲಗಳನ್ನು ಸರಿಸಿ, ಈಗ ನೀವು ನಿಲ್ಲಿ ಎಂದು ಹಿಂದಿಯಲ್ಲಿ ಹೇಳಿದ.

ಎಲ್ಲಿ ಎಂದು ಕೇಳಿದೆ. ಅವನು ಕಾಟಾ ತೋರಿಸಿದ.

ಮುಳ್ಳು ತೊಂಬತ್ತಾರಕ್ಕೆ ಹೋಗಿ ನಿಂತಿತು. ಅಧಿಕಾರಿ ಕಾಗದ ನೋಡಿದ, ಐವತ್ತೆಂಟು. ನನ್ನನ್ನು ನೋಡಿದ. ನನ್ನನ್ನು ಇಳಿಸಿ ತಾನೇ ಹತ್ತಿ ನೋಡಿದ, ಕಾಟಾ ಸರಿಯಿತ್ತು. ಕೋಟು ಬಿಚ್ಚಿ ಎಂದ. ನಾನು ಚಳಿ ಎಂದೆ. ಹಾಗೆನ್ನುವಾಗ ಹಣೆಯಿಂದ ಬೆವರು ಅವನ ಕಾಗದದ ಮೇಲೆ ಬಿತ್ತು.

ಬಿಚ್ಚಿದೆ. ಕೋಟಿನ ಅಷ್ಟೂ ಭಾರ ಒಂದು ತೋಳಿಗೆ ಜೋತು, ಖಾದರಸಾಬನ ಹೊಲಿಗೆಯಲ್ಲದ ಒಂದು ಜಾಗ, ಅಂದರೆ ನಾನೇ ಕಟ್ಟಿದ ಮೆಣಸಿನಪುಡಿಯ ಪೊಟ್ಟಣ, ಒಡೆಯಿತು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನಾನು ಎಷ್ಟೋ ಗಿರಾಕಿಗಳಿಗೆ ಹೇಳಿದ್ದೇನೆ. ಮೂಗಿಗೆ ಈ ಮಾತು ಅನ್ವಯಿಸುವುದಿಲ್ಲವೆಂದು ಅಂದು ಗೊತ್ತಾಯಿತು. ಅಧಿಕಾರಿ ಸೀನಿದ, ಸಾಲಿನಲ್ಲಿದ್ದವರು ಸೀನಿದರು. ಯಾವುದೋ ಕಾಗದಕ್ಕೆ ಸಹಿ ಹಾಕಲು ಒಳಗೆ ಬಂದ ಪೈಲಟ್ ಹನ್ನೊಂದು ಸಲ ಸೀನಿ, ಕಣ್ಣೊರೆಸಿಕೊಂಡು ಹೊರಗೆ ಹೋಗಿ ನಿಂತ. ಇನ್ನು ನಮ್ಮನ್ನು ಸಮುದ್ರ ದಾಟಿಸುವ ಕಣ್ಣುಗಳು ಅವೇ!

ಕೋಟಿಲ್ಲದೆ ಎಂಬತ್ನಾಲ್ಕು. ನೀಲವ್ವ ಹತ್ತಿ ನಿಂತಳು, ಅರವತ್ತಾರು. ಹೇಳಿದ್ದಕ್ಕಿಂತ ನಾವಿಬ್ಬರೇ ನಲವತ್ತೇಳು ಕಿಲೋ ಹೆಚ್ಚು.

ಅಧಿಕಾರಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಹಾಳೆ ತಿರುಗಿಸಿ ತೋರಿಸಿದ. ಅದರಲ್ಲಿ ವಿಮಾನದ ಚಿತ್ರ, ಒಂದೊಂದು ಕುರ್ಚಿಯಲ್ಲಿ ಒಬ್ಬೊಬ್ಬರ ತೂಕ. ಇಷ್ಟು ಮಂದಿ, ಇಷ್ಟು ಎಣ್ಣೆ, ಇಷ್ಟು ಸಾಮಾನು. ಭಾರದವರು ಎಲ್ಲಿ, ಹಗುರದವರು ಎಲ್ಲಿ ಎಂದು ಮೊದಲೇ ಕೂಡಿಸಿ ಇಟ್ಟಿದ್ದಾರೆ. ನನ್ನ ಕುರ್ಚಿಯಲ್ಲಿ ಐವತ್ತೆಂಟು ಎಂದು ದುಂಡಗೆ ಬರೆದಿತ್ತು. ನಾನು ಸುಳ್ಳು ಹೇಳಬಹುದೆಂದು ಅವರಿಗೆ ತೋಚಿಯೇ ಇರಲಿಲ್ಲ! ಮೂವತ್ತು ವರ್ಷದ ವ್ಯಾಪಾರದಲ್ಲಿ ನನ್ನ ಮೊದಲ ಮಾತನ್ನು ಹೀಗೆ ನಂಬಿದವರನ್ನು ನಾನು ನೋಡಿರಲಿಲ್ಲ. ಆ ಹಾಳೆಯ ಮುಂದೆ ಕೈಮುಗಿಯಬೇಕೆನಿಸಿತು.

ಆದರೆ ಮುಗಿಯಲಿಲ್ಲ. ಅಭ್ಯಾಸ ಬಿಡಬೇಕಲ್ಲ! ಹಾವೇರಿ ದನದ ಸಂತೆಯಲ್ಲಿ ಕಷ್ಟದ ವ್ಯವಹಾರವನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಅದುಮಿ ಮುಗಿಸುತ್ತೇವೆ. ನಾನು ಹೆಗಲ ಟವೆಲ್ ತೆಗೆದು ಅಧಿಕಾರಿಯ ಕೈಮೇಲೆ ಹಾಕಿ, ಒಳಗಿಂದ ಅವನ ಎರಡು ಬೆರಳು ಹಿಡಿದೆ. ಇಪ್ಪತ್ತು ಕಿಲೋ ಮಾಫಿ ಮಾಡಿ ಎಂದು ಅರ್ಥ. ಅವನು ಗಾಬರಿಯಾದ. ನಾನು ಮೂರು ಬೆರಳು ಹಿಡಿದೆ. ಅವನು ಇನ್ನೊಂದು ಕೈಯಿಂದ ನನ್ನ ಹಣೆ ಮುಟ್ಟಿ ನೋಡಿ, ಕುರ್ಚಿ ತರಿಸಿ ಕೂರಿಸಿ ನೀರು ಕೊಡಿಸಿದ. ಆಗ ಪೂರ್ತಿ ಸೋತೆ.

ಕೊನೆಯ ಉಪಾಯವೆಂದು, ಮೂಲೆಯಲ್ಲಿದ್ದ ಒಂದು ದೊಡ್ಡ ಪೆಟ್ಟಿಗೆ ತೋರಿಸಿ ಅದನ್ನು ಬಿಟ್ಟು ನಮ್ಮನ್ನು ಒಯ್ಯಿರಿ ಎಂದೆ. ನಿಮ್ಮ ತೂಕ ಕಡಿಮೆಯಿದೆ ಎಂದೇ ಅದನ್ನು ಒಪ್ಪಿಕೊಂಡೆವು, ಅದು ಅಗತ್ತಿ ಆಸ್ಪತ್ರೆಯ ಔಷಧಿ ಎಂದ ಅವನು.

ಅದು ನನ್ನ ಮಗಳನ್ನು ನೋಡುತ್ತಿರುವ ಆಸ್ಪತ್ರೆ. ನಾನು ನೀರಿನ ಲೋಟ ಕೆಳಗಿಟ್ಟೆ. ಇಬ್ಬರಲ್ಲಿ ಒಬ್ಬರು ಉಳಿಯಬೇಕು.

ನೀಲವ್ವನ ಕಡೆ ತಿರುಗಿ, ನೀನು ಉಳಿ, ನಾನು ಕರೆದುಕೊಂಡು ಬರುತ್ತೇನೆ ಎಂದೆ. ಒಬ್ಬಳೇ ನಮ್ಮೂರ ಪಕ್ಕದ ಕದರಮಂಡಲಗಿಯ ಆಂಜನೇಯನ ಗುಡಿಗೆ ಹೋಗಿ ಬಂದಿದ್ದೇ ಅವಳ ದೊಡ್ಡ ಪ್ರವಾಸ. ಹಿಂದಿ ಬರದು, ಮಲಯಾಳ ಬರದು. ಅವಳು ಸೆರಗು ಬಿಗಿದುಕೊಂಡಳು.

"ನಾ ಹೊಕ್ಕೇನಿ. ಚೊಚ್ಚಲ ಬಸುರಿ ಅದಾಳ, ಆಕೀಗೆ ಅವ್ವ ಬೇಕು. ನಿಮ್ಮ ಹಿಂದಿ ತಗೊಂಡ ಆಕಿ ಏನ್ ಮಾಡ್ತಾಳ?"

ಅಧಿಕಾರಿ ಪೆನ್ನು ತೆಗೆದು ಹಾಳೆಯಲ್ಲಿನ ಆ ಐವತ್ತೆಂಟನ್ನು ಹೊಡೆದುಹಾಕಿದ. ಅಂದರೆ ನನ್ನನ್ನು!

ಬೇಲಿಯ ತಂತಿ ಹಿಡಿದು ನಿಂತೆ. ಪಂಕ ತಿರುಗಿ ಮಾಯವಾದವು. ಆ ಪುಟ್ಟದು ಓಡಿತು, ಓಡಿತು, ಇನ್ನು ನೆಲ ಮುಗಿಯಿತು ಎನ್ನುವಾಗ ಎಷ್ಟು ಹಗುರವಾಗಿ ಎದ್ದಿತೆಂದರೆ, ಯಾರೋ ಅಂಗೈಯಿಂದ ಊದಿದ ಹಾಗೆ. ಅದರಲ್ಲಿ ನನ್ನ ನೀಲವ್ವ ಇದ್ದಾಳೆ! ಅದು ಹದ್ದಿನಷ್ಟಾಯಿತು, ಗುಬ್ಬಿಯಷ್ಟಾಯಿತು, ಮೆಣಸಿನ ಬೀಜದಷ್ಟಾಯಿತು. ಆಮೇಲೆ ಬರೀ ಆಕಾಶ. ಮೇಲೆ ಅಷ್ಟು ಆಕಾಶವಿದೆಯೆಂದು ಅದುವರೆಗೆ ನಾನು ಗಮನಿಸಿರಲಿಲ್ಲ. ಸಂಜೆ ಅಳಿಯ ಫೋನಿನಲ್ಲಿ ತಲುಪಿದರು ಎಂದು ಹೇಳುವವರೆಗೆ ಯಾರಿಗೂ ಯಾವ ಸಲಹೆಯನ್ನೂ ಕೊಡಲಿಲ್ಲ.

ಮೂರು ದಿನ ಕೊಚ್ಚಿಯ ವಸತಿಗೃಹದಲ್ಲಿ ಕೂತು ಅಳಿಯನ ರೊಟ್ಟಿಗಳನ್ನು ನಾನೇ ತಿಂದೆ. ಮೂರನೇ ದಿನ ಬೆಳಗ್ಗೆ ಪಡುವಣದಲ್ಲಿ ಮೋಡ ಎದ್ದಿತು. ವಿಮಾನ ಹೇಳಿದ ಹೊತ್ತಿಗೆ ಬರಲಿಲ್ಲ. ಇಂದು ತಪ್ಪಿದರೆ ಮಗಳ ಚೀಟಿಯ ಅವಧಿ ಮುಗಿಯುತ್ತದೆ. ನಾನು ಆ ಬೇಲಿಯನ್ನೇ ಹಿಡಿದು ನಿಂತಿದ್ದೆ. ಮೋಡದ ಕೆಳಗೆ ಒಂದು ಚುಕ್ಕೆ ಕಾಣಿಸಿತು. ನೊಣವಿರಬಹುದೆಂದು ಕಣ್ಣು ಒರೆಸಿಕೊಂಡೆ. ನೊಣಕ್ಕೆ ರೆಕ್ಕೆ ಬಲಿತು, ಗಾಲಿ ಬಂದು, ನೆಲ ಮುಟ್ಟಿತು.

ಬಾಗಿಲು ತೆರೆಯಿತು. ಮೊದಲು ಇಳಿದವಳು ನೀಲವ್ವ. ಹಿಂದೆ ಸುಮಂಗಲಾ, ಊದಿದ ಕಾಲು, ನಗುವ ಮುಖ. ಅವಳ ತೋಳು ಹಿಡಿದು ಬಿಳಿ ಸೀರೆಯ ಒಬ್ಬ ನರ್ಸು. ಮಗಳನ್ನು ಕೂರಿಸಿದ ಮೇಲೆ ನೀಲವ್ವ ಮಾತಿಗೆ ನಿಂತಳು. ನೀರು ಹಸಿರಾಗಿತ್ತಂತೆ, ನೀಲಿಯಾಗಿತ್ತಂತೆ, ತಳದ ಮರಳು ಕಾಣುತ್ತಿತ್ತಂತೆ. ಅಗತ್ತಿ ಮೇಲಿನಿಂದ ಒಂದು ಮೆಣಸಿನಕಾಯಿಯ ಹಾಗೆ ಉದ್ದಕ್ಕೆ ಬಿದ್ದಿತ್ತಂತೆ, ಅದರ ತೊಟ್ಟಿನ ಮೇಲೆ ವಿಮಾನ ಇಳಿಯಿತಂತೆ. ನಲವತ್ತು ವರ್ಷದಲ್ಲಿ ಅವಳು ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬಾಯಿ ತೆರೆದು ಕೇಳಿದೆ.

ಆಮೇಲೆ ನರ್ಸಿನ ವಿಷಯ ಬಂತು. ಹೊರಡುವ ಬೆಳಗ್ಗೆ ಮಗಳ ರಕ್ತದ ಒತ್ತಡ ಏರಿತ್ತು. ನರ್ಸು ಪಕ್ಕದಲ್ಲಿಲ್ಲದೆ ಕಳಿಸುವುದಿಲ್ಲ ಎಂದರಂತೆ ಡಾಕ್ಟರು. ವಿಮಾನ ಪೂರ್ತಿ ಭರ್ತಿ, ನನ್ನದೊಂದೇ ಸೀಟು ಖಾಲಿ.

"ಹಂಗಾರ ನಿನ್ನ ಜೋಡಿ ನಾನೂ ಬಂದಿದ್ರ?" ಎಂದೆ.

ನೀಲವ್ವ ಒಂದು ಗಳಿಗೆಯೂ ಯೋಚಿಸಲಿಲ್ಲ. "ನಿಮ್ಮನ್ನ ಅಲ್ಲೇ ಬಿಟ್ಟ ಬರ್ತಿದ್ವಿ. ಮಳಿ ಮುಗದ ಮ್ಯಾಲ ಬರ್ತಿದ್ರಿ."

ಅಂತೂ ಹೇಗೆ ನೋಡಿದರೂ ಇಳಿಸಬೇಕಾದ ಸರಕು ನಾನೇ! ಆದರೂ ಒಂದು ಆಸೆ ಉಳಿದಿತ್ತು. ನನ್ನ ಸೀಟಿನಲ್ಲಿ ಕೂತು ಬಂದ ನರ್ಸಿನ ಹತ್ತಿರ ಹೋಗಿ, ಆ ಕಿಟಕಿಯಿಂದ ಸಮುದ್ರ ಹೇಗೆ ಕಂಡಿತು ಎಂದು ನನ್ನ ಮಾರುಕಟ್ಟೆ ಹಿಂದಿಯಲ್ಲಿ ಕೇಳಿದೆ.

ಅವಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು. ತಾನು ಕಿಟಕಿಯ ಕಡೆ ನೋಡಲೇ ಇಲ್ಲ, ದಾರಿಯುದ್ದಕ್ಕೂ ನಿಮ್ಮ ಮಗಳ ಮುಖವನ್ನೇ ನೋಡುತ್ತ ಬಂದೆ ಎಂದಳು. ಹಾಗೆಂದು ಮತ್ತೆ ಮಗಳ ನಾಡಿ ಹಿಡಿಯಲು ಹೋದಳು.

ಅಲ್ಲೇ ನಿಂತು ಯೋಚಿಸಿದೆ. ಆ ಸೀಟಿನಲ್ಲಿ ನಾನಿದ್ದಿದ್ದರೆ? ಕೊಚ್ಚಿಯವರೆಗೂ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿರುತ್ತಿದ್ದೆ. ಪಕ್ಕದಲ್ಲಿ ಮಗಳಿದ್ದಾಳೆಂಬುದು ವಿಮಾನ ಇಳಿದ ಮೇಲೆ ನೆನಪಾಗುತ್ತಿತ್ತು.