ಗುಮ್ಮಟದ ಕೆಳಗೆ ಬರಿಗಾಲು

ಬುದ್ಧಿ ಹೇಳುವುದೂ ಒಂದು ಚಟ. ನಶ್ಯವನ್ನಾದರೂ ಬಿಟ್ಟೇನು, ಇದನ್ನು ಬಿಡಲಾರೆ. ಅದರಲ್ಲೂ ಹೆಂಡತಿಗಿಂತ ಮೊದಲೇ ಅಮೆರಿಕಕ್ಕೆ ಬಂದ ಗಂಡನಿಗೆ ಈ ಚಟ ಹತ್ತಿದರೆ ಕೇಳುವುದೇ ಬೇಡ. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ನಾನು, ನನ್ನಾಕೆ ಸರಸು, ಧಾರವಾಡದ ಗೆಳೆಯ ಕುಲಕರ್ಣಿ, ಮೂವರೂ ನಾವಿದ್ದ ಊರು ಪಿಸ್ಕಾಟವೇಯಿಂದ ನನ್ನ ಮುದಿ ಸ್ಟೇಷನ್ ವ್ಯಾಗನ್ ಕಾರಿನಲ್ಲಿ ಮಿಡ್‌ವೆಸ್ಟ್ ಕಡೆಗೆ ಹೊರಟೆವು. ಹಳೆಯ ಕೋರ್ಟು, ಕಚೇರಿ, ದೊಡ್ಡವರು ಹುಟ್ಟಿದ ಮನೆ, ಒಂದನ್ನೂ ಬಿಡಲಿಲ್ಲ. ಎಲ್ಲ ಕಡೆಯೂ ಸರಸುವಿಗೆ ನನ್ನ ಪಾಠ: ಜೋರಾಗಿ ಮಾತಾಡಬೇಡ, ಮೆಟ್ಟಿಲ ಮೇಲೆ ಪುಳಿಯೋಗರೆ ಡಬ್ಬಿ ಬಿಚ್ಚಬೇಡ, ನಮ್ಮ ಮಾನ ಕಳೆಯಬೇಡ. ಅವಳು ಎಲ್ಲದಕ್ಕೂ ತಲೆಯಾಡಿಸುತ್ತಿದ್ದಳು. ಆಗಲೇ ನಾನು ಹುಷಾರಾಗಬೇಕಿತ್ತು.

ಹೀಗೇ ಒಂದು ರಾಜ್ಯದ ವಿಧಾನಸೌಧಕ್ಕೆ ಹೋದೆವು. ಮೇಲೆ ಗುಮ್ಮಟ, ಕೆಳಗೆ ತಣ್ಣನೆಯ ಅಮೃತಶಿಲೆ, ನಟ್ಟನಡುವೆ ಯಾರೋ ಪುಣ್ಯಾತ್ಮರ ಕಂಚಿನ ವಿಗ್ರಹ. ನಾನು ಮೈಮರೆತು ನಿಂತಿದ್ದೆ. ಕಟ್ಟಡ ತೋರಿಸುವ ಅಜ್ಜಿಯೊಬ್ಬರು ನನ್ನ ಕಾಲನ್ನೇ ನೋಡತೊಡಗಿದರು. ನಾನೂ ನೋಡಿಕೊಂಡೆ. ಗುಡಿಗೆ ಹೋಗುವ ಅಭ್ಯಾಸಬಲದಿಂದ ಬೂಟುಗಳನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದೆ! ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಹಿಂದೆ ತಿರುಗಿದರೆ ಸರಸು, ಕುಲಕರ್ಣಿ ಇಬ್ಬರೂ ಬರಿಗಾಲಲ್ಲಿ ಗಂಭೀರವಾಗಿ ನಿಂತಿದ್ದಾರೆ.

"ನೀವು ಬಿಟ್ರಲ್ಲಾ ಅಂತ ನಾವೂ ಬಿಟ್ವಿ. ನಿಮಗೆ ತಾನೇ ಎಲ್ಲಾ ಗೊತ್ತಿರೋದು?" ಎಂದಳು ಸರಸು.

ಇದು ನಿಮ್ಮ ದೇಶದ ಪದ್ಧತಿಯೇ ಎಂದು ಅಜ್ಜಿ ಕೇಳಿದರು. ಮಾನ ಉಳಿಯಬೇಕಲ್ಲ! ಹೌದು, ಸರ್ಕಾರಿ ಕಟ್ಟಡವೆಂದರೆ ನಮಗೆ ಅಷ್ಟು ಗೌರವ ಎಂದುಬಿಟ್ಟೆ. ಹೇಳುವಾಗ ನಮ್ಮ ತಾಲ್ಲೂಕು ಕಚೇರಿಯ ಮೂಲೆಮೂಲೆಯ ಎಲೆಅಡಿಕೆ ಉಗುಳು ಕಣ್ಣಮುಂದೆ ಬಂತು. ಅಜ್ಜಿಯ ಕಣ್ಣು ಒದ್ದೆಯಾಯಿತು. ಇಂಥವರಿಗೆ ಗುಮ್ಮಟದ ತುದಿಯನ್ನೇ ತೋರಿಸಬೇಕೆಂದು ಬೀಗದಕೈ ತಂದು ಸಣ್ಣ ಬಾಗಿಲೊಂದನ್ನು ತೆರೆದರು. ಒಳಗೆ ಸುತ್ತುತ್ತ ಮೇಲೇರುವ ಕಬ್ಬಿಣದ ಜಾಲರಿ ಮೆಟ್ಟಿಲು. ಈಗ ಬೂಟು ಹಾಕಿಕೊಂಡು ಬರುತ್ತೇನೆ ಎನ್ನುವುದು ಹೇಗೆ?

"ಹತ್ರೀ ಸಾಹೇಬ್ರ, ದೇಶದ ಮರ್ಯಾದಿ ಪ್ರಶ್ನೆ ಅದ" ಎಂದ ಕುಲಕರ್ಣಿ, ತಾನು ಮಾತ್ರ ಮೊಣಕಾಲು ನೋವೆಂದು ಕೆಳಗೇ ಕುಳಿತ.

ನಾಲ್ಕು ಮೆಟ್ಟಿಲಿಗೇ ಜಾಲರಿ ಅಂಗಾಲು ಕೊರೆದು ಜೀವ ಬಾಯಿಗೆ ಬಂತು. ಹಿಂದಿರುಗಿ ನೋಡುತ್ತೇನೆ, ಸರಸು ವ್ಯಾನಿಟಿ ಬ್ಯಾಗಿನಿಂದ ಚಪ್ಪಲಿ ತೆಗೆದು ಮೆಟ್ಟಿಕೊಳ್ಳುತ್ತಿದ್ದಾಳೆ! ಅಜ್ಜಿ ಹುಬ್ಬೇರಿಸಿದರು. ಮೇಲಕ್ಕೆ ಹತ್ತುವಾಗ ನಮ್ಮಲ್ಲಿ ಗಂಡಸರು ಮಾತ್ರ ಬರಿಗಾಲು ಎಂದು ಸರಸು ಹೊಸದಾಗಿ ಕಲಿತ ಇಂಗ್ಲಿಷಿನಲ್ಲಿ ವಿವರಿಸಿದಳು.

"ಎಂಥ ಒಳ್ಳೆಯ ದೇಶ!" ಎಂದು ಅಜ್ಜಿ ತಲೆದೂಗಿದರು. ನಾನು ತೂತು ಕಾಲುಚೀಲದಲ್ಲೇ ಉಳಿದ ಮೆಟ್ಟಿಲು ಹತ್ತಿದೆ.