ತಂಪು ಪೆಟ್ಟಿಗೆಯೂ ಜುಂಜಪ್ಪನ ಕಂಬಳಿಯೂ

ನನ್ನಲ್ಲಿ ಒಂದು ಕೆಟ್ಟ ಗುಣವಿದೆ. ಹಿಡಿದ ಕೆಲಸವನ್ನು ಬೇಕಾದ್ದಕ್ಕಿಂತ ಚೆನ್ನಾಗಿ ಮಾಡಿಬಿಡುತ್ತೇನೆ. ಹೀಗೆಂದರೆ ಜನ ಜಂಬ ಕೊಚ್ಚಿಕೊಳ್ಳುತ್ತಿದ್ದಾನೆ ಎಂದುಕೊಳ್ಳುತ್ತಾರೆ. ನನ್ನ ಹೆಂಡತಿ ಸುಶೀಲ ಮಾತ್ರ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದಾಳೆ. ಮಗಳು ಹುಟ್ಟಿದ ಹೊಸದರಲ್ಲಿ ತೊಟ್ಟಿಲು ಕಿರ್ರೋ ಎನ್ನುತ್ತಿತ್ತು. "ಒಂದು ಹನಿ ಎಣ್ಣೆ ಬಿಡ್ರಿ" ಎಂದಳು, ಅಷ್ಟೆ. ನಾನು ಕೊಂಡಿ ಬಿಚ್ಚಿ, ತುಕ್ಕು ಉಜ್ಜಿ, ಎಣ್ಣೆಯಲ್ಲಿ ನೆನೆಹಾಕಿ, ತೊಟ್ಟಿಲು ತುಟಿಪಿಟಿಕ್ಕೆನ್ನದಂತೆ ಮಾಡಿದೆ. ಮಗು ನಿದ್ದೆ ಹೋಗುತ್ತಿದ್ದದ್ದೇ ಆ ಕಿರ್ರೋ ಸದ್ದಿಗೆ ಎಂದು ಆಮೇಲೆ ತಿಳಿಯಿತು. ಹದಿನೈದು ದಿನ ತೊಟ್ಟಿಲ ಪಕ್ಕ ಕುಳಿತು ನಾನೇ ಬಾಯಲ್ಲಿ ಕಿರ್ರೋ ಎನ್ನಬೇಕಾಯಿತು. ಅಷ್ಟಾದರೂ ಬುದ್ಧಿ ಬರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಹಿರಿಯೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ, ಸುಶೀಲ ಹೊಳಲ್ಕೆರೆಯಲ್ಲಿ ಸ್ಕೂಲ್ ಟೀಚರ್. ನಕ್ಷೆಯಲ್ಲಿ ನೋಡಿದರೆ ಎರಡೂ ಒಂದೇ ಜಿಲ್ಲೆ, ಗೇಣುದ್ದದ ದೂರ. ಬಸ್ಸಿನಲ್ಲಿ ಹೋಗಿ ನೋಡಬೇಕು. ಶನಿವಾರ ಮಧ್ಯಾಹ್ನ ಹಿರಿಯೂರು ಬಿಟ್ಟು, ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕೋಟೆ ನೋಡುತ್ತಾ ನಿಂತು ನಿಂತು, ಮುಂದಿನ ಬಸ್ಸಿನ ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿದು ಮನೆ ಸೇರುವಷ್ಟರಲ್ಲಿ ದೀಪ ಹಚ್ಚಿರುತ್ತಿದ್ದರು. ಭಾನುವಾರ ಸಂಜೆ ಮತ್ತೆ ಅದೇ ಮೆರವಣಿಗೆ, ಹಿಂದುಮುಂದಾಗಿ. ಮಗಳು ಪುಟ್ಟಿಗೆ ಆಗ ಮೂರು ವರ್ಷ. ಅಪ್ಪ ಎಂದರೆ ಬರುವವನಲ್ಲ, ಹೋಗುವವನು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಭಾನುವಾರ ಊಟವಾಗುತ್ತಲೇ ನನ್ನ ಬ್ಯಾಗು ಎಳೆದು ತರುತ್ತಿದ್ದಳು. ಅಳು ಇಲ್ಲ, ರಂಪ ಇಲ್ಲ. ಬ್ಯಾಗಿನ ಒಂದು ಹಿಡಿ ಕಿತ್ತುಹೋಗಿದ್ದರಿಂದ ಅದು ನಡುಮನೆಯ ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತಿತ್ತು. ಅವಳು ಅಲ್ಲಿ ಜಗ್ಗಾಡುವ ಹತ್ತು ನಿಮಿಷ ನಾನು ಕಾಣದವನಂತೆ ಕುಳಿತಿರುತ್ತಿದ್ದೆ. ನಿಜ ಹೇಳುತ್ತೇನೆ, ವಾರದಲ್ಲಿ ನನಗೆ ಹೆಚ್ಚಿಗೆ ಸಿಗುತ್ತಿದ್ದದ್ದು ಆ ಹತ್ತು ನಿಮಿಷವೇ.

ಹಾಗಾಗಿ ಹೊಳಲ್ಕೆರೆಗೆ ವರ್ಗ ಕೇಳಿ ಅರ್ಜಿ ಹಾಕಿದ್ದೆ. "ಇದ್ದದ್ದು ಇದ್ದಂಗೆ ಬರೀರಿ. ಹೆಂಡ್ತಿ ಒಬ್ಬಳೇ ಅವಳೆ, ಕೂಸು ಐತೆ, ಸಾಕು" ಎಂದಿದ್ದಳು ಸುಶೀಲ. ಕಚೇರಿಯಲ್ಲಿ ಅರ್ಜಿ ಬರೆಯುವುದರಲ್ಲಿ ನಾನೇ ಎತ್ತಿದ ಕೈ. ಹೆಂಡತಿ ಮಕ್ಕಳ ಕಾರಣ ಯಾರು ತಾನೇ ಬರೆಯುವುದಿಲ್ಲ? ನಮ್ಮ ಜಿಲ್ಲಾ ಸಾಹೇಬರಿಗೆ ಸೆಖೆ ಕಂಡರಾಗದು ಎಂಬುದು ಲೋಕಪ್ರಸಿದ್ಧ. ಅವರ ಮರ್ಮಕ್ಕೇ ತಟ್ಟಲಿ ಎಂದು, "ಹಿರಿಯೂರಿನ ಅತೀವ ಉಷ್ಣವನ್ನು ಅರ್ಜಿದಾರನ ಶರೀರಪ್ರಕೃತಿಯು ತಾಳಲಾರದಾಗಿದೆ" ಎಂದು ಶುರು ಮಾಡಿ, ಬೆವರುಸಾಲೆ, ಮೂಗಿನಲ್ಲಿ ರಕ್ತ, ತಲೆಸುತ್ತು ಎಲ್ಲವನ್ನೂ ಪೋಣಿಸಿ ಎರಡು ಪುಟ ತುಂಬಿಸಿದೆ. ಓದಿದವರ ಮೈ ಬೆವರಬೇಕು, ಹಾಗಿತ್ತು.

ಏಪ್ರಿಲ್‌ನಲ್ಲಿ ಸಾಹೇಬರು ತಪಾಸಣೆಗೆ ಬರುವರೆಂದೂ, ಬಾಕಿ ಕಡತಗಳಿಗೆಲ್ಲ ಅಂದೇ ಸಹಿ ಮಾಡುವರೆಂದೂ ಸುದ್ದಿ ಬಂತು. ಮುನ್ನಾದಿನ ದುರ್ಗದಿಂದ ಜೀಪಿನಲ್ಲಿ ಸಾಹೇಬರ ತಂಪು ಪೆಟ್ಟಿಗೆ ಬಂದಿಳಿಯಿತು. ಎಲ್ಲಿಂದಲೋ ಪರದೇಶದಿಂದ ಬಂದ ಏರ್ ಕಂಡೀಷನರ್ ಅದು. ಟ್ರಂಕಿನಷ್ಟು ದೊಡ್ಡದು, ಕೆಳಗೆ ನಾಲ್ಕು ಗಾಲಿ, ಹಿಂದೆ ಸೊಂಡಿಲಿನಂಥ ಕೊಳವೆ. ಸಾಹೇಬರು ಯಾವ ತಾಲ್ಲೂಕಿಗೆ ಹೋದರೂ ಅವರಿಗಿಂತ ಒಂದು ದಿನ ಮೊದಲು ಇದರ ಸವಾರಿ. ಹೊಸದುರ್ಗದಲ್ಲಿ ಇದು ಫ್ಯೂಸು ಸುಟ್ಟುಕೊಂಡು ನಿಂತಿತ್ತಂತೆ. ಸಾಹೇಬರು ಬೆವರಿ, ಕೆರಳಿ, ಒಂದು ಕಡತಕ್ಕೂ ಸಹಿ ಹಾಕದೆ ಎದ್ದು ಹೋದರಂತೆ. ಈ ಸಲ ತಪ್ಪಿದರೆ ಮತ್ತೆ ಒಂದು ವರ್ಷ ಆ ಬ್ಯಾಗು, ಆ ಹೊಸ್ತಿಲು.

ಪೆಟ್ಟಿಗೆಯ ಉಸ್ತುವಾರಿಯನ್ನು ನಾನೇ ಮೇಲೆ ಬಿದ್ದು ವಹಿಸಿಕೊಂಡೆ. ಹೆಡ್ ಕ್ಲಾರ್ಕ್ ತಿಪ್ಪೇಸ್ವಾಮಿಯವರು ಎಲೆ ಅಡಿಕೆ ಜಗಿಯುತ್ತಾ, "ಏನಪ್ಪ, ಸುಮ್ನೆ ಇರಬಾರ್ದಾ? ಸೆಖೆ ಇದ್ರೆ ಒಳ್ಳೇದು. ನನ್ನ ಸರ್ವೀಸ್‌ನಾಗೆ ನೋಡಿದೀನಿ, ಬ್ಯಾಸ್ಗೆಲಿ ಬಂದ ಸಾಹೇಬ್ರು ಯಾರೂ ಕಾಗ್ದ ಓದಲ್ಲ. ಬೆವರು ಒರೆಸ್ಕಂಡು ಸೈನ್ ಹಾಕಿ, ಎಳ್ನೀರು ಕುಡ್ದು ಹೊಂಟೋಗ್ತಾರೆ" ಎಂದರು.

"ಹೊಸದುರ್ಗದಲ್ಲಿ ಏನಾಯಿತು ಗೊತ್ತಲ್ಲ ಸಾರ್?" ಎಂದೆ.

"ಅದೂ ಐತೆ ಅನ್ನು" ಎಂದು ಅವರು ಉಗುಳಲು ಎದ್ದರು. ದೊಡ್ಡವರ ಮಾತನ್ನು ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆಂದು ಮರುದಿನ ತಿಳಿಯಿತು.

ಇಕ್ಕಟ್ಟು ಎರಡು ಬಗೆಯದು. ಒಂದು, ನಮ್ಮ ಕಚೇರಿಯ ವೈರು ಅಜ್ಜನ ಕಾಲದ್ದು. ಪೆಟ್ಟಿಗೆಯನ್ನು ಜೋರಾಗಿ ಓಡಿಸಿದರೆ ಫ್ಯೂಸು ಹಾರುತ್ತದೆ ಎಂದು ಲೈನ್‌ಮನ್ ಕಡ್ಡಿ ಮುರಿದಂತೆ ಹೇಳಿದ್ದ. ಎರಡು, ಆ ವರ್ಷ ಕರೆಂಟಿಗೆ ಬರ. ದಿನಾ ಹನ್ನೆರಡಕ್ಕೆ ಹೋದರೆ ಮೂರಕ್ಕೆ ಬರುತ್ತಿತ್ತು. ಸಾಹೇಬರು ಬರುವುದೂ ಹನ್ನೆರಡಕ್ಕೇ. ಅಂದರೆ ಇರುವಷ್ಟು ಕರೆಂಟಿನಲ್ಲಿ ಬೆಳಿಗ್ಗೆಯೇ ತಂಪು ಮಾಡಿ, ಆ ತಂಪನ್ನು ಮೂರು ಗಂಟೆ ಕಾಪಾಡಿ ಇಡಬೇಕು. ಹಾಲನ್ನು ಮುಚ್ಚಿಡಬಹುದು, ಮೊಸರನ್ನು ಮುಚ್ಚಿಡಬಹುದು, ತಂಪನ್ನು ಹೇಗೆ ಮುಚ್ಚಿಡುವುದು?

ಮೊದಲ ಪರೀಕ್ಷೆ ನಡೆಸಿದೆ. ಬಾಗಿಲು, ಕಿಟಕಿ ಭದ್ರವಾಗಿ ಹಾಕಿ ಪೆಟ್ಟಿಗೆ ಚಾಲೂ ಮಾಡಿ ಹೊರಗೆ ಕಾದೆ. ಒಂದು ಗಂಟೆ ಬಿಟ್ಟು ಬಾಗಿಲು ತೆಗೆದರೆ, ಅಯ್ಯೋ ದೇವರೆ, ಬಚ್ಚಲೊಲೆಯ ಮುಂದೆ ನಿಂತ ಹಾಗೆ ಧಗೆ! ಮುಂಭಾಗದಲ್ಲಿ ತಣ್ಣಗೆ ಬೀಸುತ್ತಿದೆ, ಕೋಣೆ ಕಾದಿದೆ. ಪರದೇಶದ ಯಂತ್ರಕ್ಕೆ ಹಿರಿಯೂರು ಆಗಿ ಬರಲಿಲ್ಲವೇನೋ ಎಂದು ತಲೆ ಮೇಲೆ ಕೈ ಹೊತ್ತು ಕುಳಿತೆ. ನಮ್ಮ ಕಚೇರಿಯ ಜವಾನ ಜುಂಜಪ್ಪ ಪಕ್ಕದ ಹಳ್ಳಿ ಆದಿವಾಲದ ಕುರಿಗಾಹಿ ಮನೆತನದವನು, ನಿವೃತ್ತಿಯ ಅಂಚಿನಲ್ಲಿದ್ದ. ಅವನು ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೊಂಡಿಲಿನ ಬಾಯಿಗೆ ಕೈ ಹಿಡಿದು ನೋಡಿ ನಕ್ಕ.

"ಸ್ವಾಮಿ, ಇದು ಮುಂದ್ಲಿಂದ ತಂಪು ಬಿಡ್ತೈತೆ, ಹಿಂದ್ಲಿಂದ ಬಿಸಿ ಬಿಡ್ತೈತೆ. ಎಲ್ಡೂ ಒಂದೇ ಕ್ವಾಣೆಗೆ ಬಿಟ್ರೆ ಏನ್ ಬಂತು? ಹಟ್ಟಿ ಕಸ ಗುಡ್ಸಿ ಹಟ್ಟಿಯಾಗೇ ಸುರಿದಂಗಾತು."

ನಾನು ಬಿ.ಎ. ಪಾಸಾದವನು. ಅವಮಾನ ನುಂಗಿಕೊಂಡು ಕಿಟಕಿಯ ಒಂದು ಗಾಜು ತೆಗೆಸಿ, ಸೊಂಡಿಲನ್ನು ಸೊಟ್ಟಗಾಗದಂತೆ ನೆಟ್ಟಗೆ ಹೊರಗೆ ಬಿಟ್ಟೆ. ಸುತ್ತಲಿನ ಸಂದಿಗೆ ಗೋಣಿಚೀಲ ತುರುಕಿದೆ. ಪೆಟ್ಟಿಗೆಯ ಜಾಲರಿ ಬಿಚ್ಚಿದರೆ ನಾಲ್ಕು ತಾಲ್ಲೂಕಿನ ಧೂಳು ಅಲ್ಲೇ ಬಿಡಾರ ಹೂಡಿತ್ತು. ತೊಳೆದ ಮೇಲೆ ಯಂತ್ರದ ಏದುಸಿರು ನಿಂತು, ಸಣ್ಣ ವೇಗದಲ್ಲೇ ತಂಪು ಚೆನ್ನಾಗಿ ಬರತೊಡಗಿತು. ಆಮೇಲೆ ಜುಂಜಪ್ಪ, "ತಂಪು ನಿಲ್ಬೇಕು ಅಂದ್ರೆ ಕಂಬಳಿ ಕಟ್ರಿ" ಎಂದ.

"ಬೇಸಿಗೆಯಲ್ಲಿ ಕಂಬಳೀನಾ? ತಲೆ ನೆಟ್ಟಗಿದೆಯೇನಯ್ಯಾ?"

"ಬಿಸ್ಲಾಗೆ ಕುರಿ ಕಾಯೋರು ತಲೆ ಮ್ಯಾಲೆ ಕಂಬಳಿ ಯಾಕೆ ಹಾಕ್ಕಂತಾರೆ, ಯೋಳ್ರಿ ಮತ್ತೆ. ಕಂಬಳಿಗೆ ಸೆಖೆನೂ ಗೊತ್ತಿಲ್ಲ, ಚಳಿನೂ ಗೊತ್ತಿಲ್ಲ ಸ್ವಾಮಿ. ಒಳಗಿಂದು ಒಳಗೆ, ಹೊರಗಿಂದು ಹೊರಗೆ. ಅಷ್ಟೇ ಅದ್ರ ಕೆಲ್ಸ."

ನಾನು ಓದಿದ ಯಾವ ಪುಸ್ತಕವೂ ಇಷ್ಟು ಸ್ಪಷ್ಟವಾಗಿರಲಿಲ್ಲ. ಸಂಜೆ ಜುಂಜಪ್ಪ ಊರಿನಿಂದ ಒಂಬತ್ತು ಕರಿ ಕಂಬಳಿ ತಂದ. ಒಂದೋ ಎರಡೋ ಸಾಕಾಗಿತ್ತು. ಆದರೆ ನನ್ನ ಕಾಯಿಲೆ ಸುಮ್ಮನಿರಲು ಬಿಡಬೇಕಲ್ಲ! ಬಾಗಿಲಿಗೆ ಎರಡು, ಕಿಟಕಿಗಳಿಗೆ ಮೂರು, ಬಿಸಿಲು ಬೀಳುವ ಪಡುವಣ ಗೋಡೆಗೆ ಉಳಿದ ನಾಲ್ಕು. ತಾರಸಿಯ ಮೇಲೆ ತೆಂಗಿನ ಗರಿ ಹರಡಿಸಿ ನೀರು ಚಿಮುಕಿಸಿದೆ. ಕುರಿಯ ವಾಸನೆ ಹೋಗಲೆಂದು ಎರಡು ಊದುಬತ್ತಿ ಹಚ್ಚಿದೆ.

ಮರುದಿನ ಬೆಳಿಗ್ಗೆ ಆರರಿಂದ ಸಣ್ಣ ವೇಗದಲ್ಲಿ ಪೆಟ್ಟಿಗೆ ಓಡಿಸಿದೆ. ಹನ್ನೆರಡಕ್ಕೆ ಸರಿಯಾಗಿ ಕರೆಂಟು ಹೋಯಿತು, ಹಿಂದೆಯೇ ಸಾಹೇಬರು ಬಂದರು. ಒಳಗೆ ಕಾಲಿಟ್ಟು, "ಆಹಾ!" ಎಂದು ಕುಳಿತರು. ಬಾಗಿಲು ಹಾಕಿ ನಾನು ಹೊರಗೆ ಕಾವಲು ನಿಂತೆ. ಒಮ್ಮೆ ತೆರೆದರೆ ಇಷ್ಟಿಷ್ಟು ತಂಪು ಸೋರಿಹೋಗುತ್ತದಲ್ಲ. ಕಾಫಿ ಹಿಡಿದು ಬಂದ ತಿಪ್ಪೇಸ್ವಾಮಿಯವರನ್ನೇ ಅಡ್ಡಹಾಕಿದೆ. ಓರೆ ಮಾಡಿದ ಬಾಗಿಲಲ್ಲಿ ಹೊಟ್ಟೆ ಹಿಡಿಸದೆ ಅವರು ಒದ್ದಾಡಿದ್ದು ಬೇರೆ. ಮೇಜಿನ ಮೇಲೆ ಕತ್ತಲಿಗೆಂದು ಒಂದು ಲಾಂದ್ರ, ಇಪ್ಪತ್ತೆರಡು ಕಡತ; ನನ್ನದು ಕಟ್ಟಕಡೆಯದು. ಬಾಗಿಲ ಸಂದಿಯಲ್ಲಿ ಕಂಬಳಿಯ ಅಂಚು ಸರಿಸಿ ನಾನು ಸಾಹೇಬರ ಜೇಬಿನ ಕರವಸ್ತ್ರವನ್ನೇ ನೋಡುತ್ತಿದ್ದೆ. ಅದು ಹೊರಗೆ ಬಂದರೆ ನನ್ನ ಕಥೆ ಮುಗಿದಂತೆ. ಒಂದು ಗಂಟೆಯಾಯಿತು, ಬರಲಿಲ್ಲ. ಒಂದೂವರೆಗೆ ಸಾಹೇಬರ ಕೈ ಜೇಬಿನತ್ತ ಹೋಯಿತು. ಕನ್ನಡಕ ಒರೆಸಿ ಮತ್ತೆ ಒಳಗಿಟ್ಟುಕೊಂಡರು. ಹೋದ ಜೀವ ಬಂತು. ಕಡತ ಹದಿನಾಲ್ಕು. ಹೊರಗೆ ನನ್ನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಬೆಳಿಗ್ಗೆಯಿಡೀ ಆ ಸೊಂಡಿಲಿನ ಬಿಸಿಯೆಲ್ಲ ನಾನು ನಿಂತ ಜಗಲಿಗೇ ಬಂದು ಬಡಿದಿತ್ತಲ್ಲ! ಪುಟ್ಟಿ, ಇನ್ನು ಎಂಟೇ ಎಂಟು ಕಣಮ್ಮ, ಎಂದುಕೊಂಡೆ.

ಎರಡು ಗಂಟೆಗೆ, ಎಂದೂ ಇಲ್ಲದ್ದು, ಕರೆಂಟು ಬಂದುಬಿಟ್ಟಿತು. ಪೆಟ್ಟಿಗೆ ಗುರ್ರ್ ಎಂದು ಹೊರಟಿತು. ಗೆದ್ದೆ ಎಂದು ಜುಂಜಪ್ಪನ ಕೈ ಹಿಡಿದು ಕುಲುಕಿದೆ. ಹತ್ತು ನಿಮಿಷ ಬಿಟ್ಟು ಇಣುಕಿದರೆ ಸಾಹೇಬರು ಎರಡೂ ಕೈ ಉಜ್ಜಿಕೊಳ್ಳುತ್ತಿದ್ದಾರೆ. ಮತ್ತೆ ಇಣುಕಿದರೆ ಗೋಡೆಯ ಕಂಬಳಿಯೊಂದು ಗೋಡೆಯ ಮೇಲಿಲ್ಲ, ಸಾಹೇಬರ ಹೆಗಲ ಮೇಲಿದೆ! ಅದನ್ನು ಹೊದ್ದು, ಕಾಲು ಚಾಚಿ, ಸಂಕ್ರಾಂತಿಯ ಚಳಿಯಲ್ಲಿ ಕುಳಿತವರಂತೆ ನೆಮ್ಮದಿಯಾಗಿ ಕೂತು, ಅವರು ಕಡತವನ್ನು ಓದುತ್ತಿದ್ದರು. ಮೊದಲ ಪುಟದಿಂದ. ಒಂದೊಂದೇ ಸಾಲು. ಬೆರಳಿಟ್ಟು.

"ಯೋಳ್ದೆ ನಾನು" ಎಂದರು ಹಿಂದಿನಿಂದ ತಿಪ್ಪೇಸ್ವಾಮಿ. "ಏಪ್ರಿಲ್‌ನಾಗೆ ಡಿಸೆಂಬರ್ ಮಾಡಿಟ್ಯಲ್ಲೋ ಮಾರಾಯ. ಈಗ ಓದ್ತಾರೆ, ಅನುಭವ್ಸು."

ಮೂರೂವರೆಗೆ ಕರೆ ಬಂತು. ಒಳಗೆ ಹೋದೆ. ಬೆವರಿದ ಮೈಗೆ ಆ ಗಾಳಿ ತಗುಲಿ ಹಲ್ಲು ಕಟಕಟ ಎನ್ನತೊಡಗಿತು. ಸಾಹೇಬರ ಕೈಯಲ್ಲಿ ನನ್ನ ಅರ್ಜಿಯಿತ್ತು.

"ಹಿರಿಯೂರಿನ ಅತೀವ ಉಷ್ಣ ತಾಳಲಾರೆ ಅಂತ ಬರೆದವರು ನೀವೇನಾ?"

"ಹ್ಹ...ಹೌದು ಸಾರ್."

"ನಡುಗ್ತಾ ಇದ್ದೀರಲ್ರೀ?" ಎಂದು ಕಂಬಳಿ ಸರಿಮಾಡಿಕೊಂಡರು. "ಅದಿರಲಿ, ಜಿಲ್ಲೆಯಲ್ಲೆಲ್ಲೂ ಈ ಮಿಷನ್ ಹೀಗೆ ಕೆಲಸ ಮಾಡಿದ್ದು ನಾನು ಕಂಡಿಲ್ಲ. ಇದನ್ನೆಲ್ಲ ಮಾಡಿಸಿದವರು ಯಾರು?"

ಅಲ್ಲಿ ನಾನು "ಜುಂಜಪ್ಪ ಸಾರ್" ಎನ್ನಬಹುದಿತ್ತು. ಅದು ಮುಕ್ಕಾಲು ಪಾಲು ಸತ್ಯವೂ ಆಗಿತ್ತು. ಆದರೆ ನಾಲಿಗೆ ನನ್ನ ಅಪ್ಪಣೆಗೆ ಕಾಯಲಿಲ್ಲ. "ನಾನೇ ಸಾರ್" ಎಂದಿತು, ಎದೆಯುಬ್ಬಿಸಿ.

ಸಾಹೇಬರು ಬಹಳ ಸಂತೋಷಪಟ್ಟರು. ಸಂತೋಷದಿಂದಲೇ ಅಂಚಿನಲ್ಲಿ ಬರೆದರು. "ಅರ್ಜಿದಾರರು ಉಷ್ಣವನ್ನು ತಾಳಬಲ್ಲರಷ್ಟೇ ಅಲ್ಲ, ಹತೋಟಿಯಲ್ಲಿಡಲೂ ಬಲ್ಲರು. ಇವರ ಸೇವೆ ಹಿರಿಯೂರಿಗೆ ಅತ್ಯವಶ್ಯಕ. ವರ್ಗಾವಣೆಯ ಅಗತ್ಯ ಕಂಡುಬರುವುದಿಲ್ಲ." ಸಾರ್, ನನಗೆ ಮೂರು ವರ್ಷದ ಮಗಳಿದ್ದಾಳೆ ಎಂದು ನಾಲಿಗೆಯ ತುದಿಗೆ ಬಂತು. ಎರಡು ಪುಟ ಬೆವರುಸಾಲೆ ಬರೆದವನು ಈಗ ಮಗಳ ಮಾತೆತ್ತಿದರೆ ನಂಬುವವರು ಯಾರು? ಬಂದ ಮಾತನ್ನು ನುಂಗಿ, ನಮಸ್ಕಾರ ಮಾಡಿ ಹೊರಗೆ ಬಂದೆ. ಜುಂಜಪ್ಪ ಜಗಲಿಯ ಮೇಲೆ ಜಾಗ ಬಿಟ್ಟು, "ಕುಂತ್ಕಳ್ರಿ ಸ್ವಾಮಿ" ಎಂದ.

ಶನಿವಾರ ಹೊಳಲ್ಕೆರೆಯಲ್ಲಿ ಸುಶೀಲ ಎಲ್ಲವನ್ನೂ ಕೇಳಿದಳು. ಮೊದಲು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ಸಿಟ್ಟಾದಳು. "ಅಷ್ಟು ಚೆನ್ನಾಗಿ ಮಾಡ್ರಿ ಅಂತ ನಿಮಗೆ ಹೇಳ್ದೋರು ಯಾರು?" ಎಂದು, ಶಾಲೆಯ ಹಾಳೆಯೊಂದನ್ನು ಹರಿದು ತಾನೇ ಹೊಸ ಅರ್ಜಿ ಬರೆದಳು. ಮೂರೇ ಸಾಲು. ಹೆಂಡತಿ, ಮಗಳು, ದಯವಿಟ್ಟು. "ಇದಕ್ಕೆ ಸೈನ್ ಮಾಡ್ರಿ. ಒಂದಕ್ಷರ ಸೇರಿಸಿದ್ರೆ ನೋಡಿ ಮತ್ತೆ. ಇನ್ನೊಂದು ಸಲ ಸಾಹೇಬ್ರು ಬಂದ ದಿನ ನೀವು ರಜಾ ಹಾಕಿ ಇಲ್ಲಿಗೆ ಬಂದುಬಿಡ್ರಿ."

ಭಾನುವಾರ ಬೆಳಿಗ್ಗೆ ಮನಸ್ಸಿಗೆ ನೆಮ್ಮದಿಯಿಲ್ಲ. ಕೈ ಸುಮ್ಮನಿರಲೊಲ್ಲದು. ಮೂಲೆಯಲ್ಲಿದ್ದ ಬ್ಯಾಗು ಕಣ್ಣಿಗೆ ಬಿತ್ತು, ಕಿತ್ತುಹೋದ ಹಿಡಿ ಕಂಡಿತು. ಗೋಣಿ ದಬ್ಬಳ, ಮೇಣದ ದಾರ ಹುಡುಕಿ ಹಿಡಿಯನ್ನು ಎರಡು ಸಾಲು ಹೊಲಿದೆ. ಕೆಳಗೆ ಸವೆದ ಮೂಲೆಗಳಿಗೆ ಹಳೆಯ ಚಪ್ಪಲಿಯ ಚರ್ಮದ ನುಣುಪಾದ ತುಂಡು ಕೂಡಿಸಿದೆ. ಹೊಸ ಬ್ಯಾಗಿಗಿಂತ ಚೆನ್ನಾಯಿತು.

ಮಧ್ಯಾಹ್ನ ಊಟವಾಯಿತು. ಪುಟ್ಟಿ ಒಳಗೆ ಓಡಿದಳು. ನಾನು ಎಂದಿನಂತೆ ಗೋಡೆಗೆ ಒರಗಿ, ಹೊಸ್ತಿಲ ಬಳಿಯ ಆ ಹತ್ತು ನಿಮಿಷಕ್ಕಾಗಿ ಕಾದು ಕುಳಿತೆ. ಅವಳು ಹೊಸ ಹಿಡಿ ಹಿಡಿದು ಒಂದೇ ಸಲ ಎಳೆದಳು. ಬ್ಯಾಗು ಹೊಸ್ತಿಲ ಮೇಲೆ ಸರ್ರನೆ ಜಾರಿ, ಎಲ್ಲೂ ತಡೆಯದೆ, ನೇರವಾಗಿ ನನ್ನ ಕಾಲ ಬುಡಕ್ಕೆ ಬಂದು ನಿಂತಿತು.