ಭೂಮಿ ನುಂಗುವ ಯಂತ್ರ ಮತ್ತು ಹಳ್ಳದ ಪಟ್ಟಿ

ಹಿಟ್ಟಿನ ಗಿರಣಿ ಇಟ್ಟವನು ಸುದ್ದಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಜೋಳದ ಜೊತೆಗೇ ಬರುತ್ತದೆ. ನನ್ನ ಗಿರಣಿ ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ರಸ್ತೆಯ ಮೇಲಿದೆ. ಕೆಲವು ವರ್ಷಕ್ಕೊಮ್ಮೆ ಭೂಮಿ ಮುಳುಗುವ ಸುದ್ದಿ ಬರುತ್ತದೆ. ಜನಕ್ಕೆ ಕುಂತಲ್ಲಿ ಕೂರಲಾಗುವುದಿಲ್ಲ. ಭೂಮಿ ಮಾತ್ರ ಇದ್ದಲ್ಲೇ ಇರುತ್ತದೆ. ಆ ಸುದ್ದಿಗಳಲ್ಲಿ ಒಂದನ್ನು ಬರೆಯುತ್ತೇನೆ.

ಬುತ್ತಿ

ಟಿ.ವಿ.ಯವರು ವಾರದಿಂದ ಅದನ್ನೇ ಹೇಳುತ್ತಿದ್ದರು. ದೂರದ ದೇಶದಲ್ಲಿ ವಿಜ್ಞಾನಿಗಳು ನೆಲದೊಳಗೆ ಬಳೆಯಂಥ ದೊಡ್ಡ ಸುರಂಗ ಕೊರೆದಿದ್ದಾರೆ. ಕಣ್ಣಿಗೆ ಕಾಣದ ಕಣಗಳನ್ನು ಅದರಲ್ಲಿ ಎರಡೂ ಕಡೆಯಿಂದ ಓಡಿಸಿ ಡಿಕ್ಕಿ ಹೊಡೆಸುತ್ತಾರೆ. ಡಿಕ್ಕಿಯಿಂದ ಕಪ್ಪು ರಂಧ್ರ ಹುಟ್ಟಿ ಭೂಮಿಯನ್ನು ನುಂಗಬಹುದು. ಬುಧವಾರ ಮಧ್ಯಾಹ್ನ ಯಂತ್ರ ಶುರು. 'ಬಹುದು' ಎನ್ನುವುದನ್ನು ಅವರು ಮೆಲ್ಲಗೆ ಹೇಳಿದರು, 'ನುಂಗು' ಎನ್ನುವುದನ್ನು ಜೋರಾಗಿ.

ನಮ್ಮ ಕಡೆ ಜೋಳದ ಹಿಟ್ಟನ್ನು ವಾರಕ್ಕೆ ಆಗುವಷ್ಟೇ ಬೀಸಿಸುತ್ತಾರೆ. ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಆ ವಾರ ಡಬ್ಬಿಗಳು ಹಗುರಾದವು. ಹೆಂಗಸರು ಬುಧವಾರದ ತನಕ ಸಾಕಾಗುವಷ್ಟೇ ಜೋಳ ತಂದರು. ಉಳಿದರೆ ಮತ್ತೆ ಬರುತ್ತೇವೆ ಎಂದರು. ಒಬ್ಬಳು ಮಾತ್ರ ದೊಡ್ಡ ಡಬ್ಬಿ ತುಂಬಿ ತಂದಿದ್ದಳು. ಮನೆಯಲ್ಲಿ ಕಾರ್ಯವೇನಾದರೂ ಇದೆಯೇ ಎಂದು ಕೇಳಿದೆ.

"ಕಾರ್ಯ ಎಲ್ಲೀದ್ರಿ. ಕಟಕ್ ರೊಟ್ಟಿ ಮಾಡಿ ಇಟ್ಕೋತೇನಿ, ತಿಂಗಳಾದ್ರೂ ಕೆಡೂದಿಲ್ಲ. ಹೋಗೂ ದಾರಿ ಎಷ್ಟ ದೂರ ಐತೋ ಯಾರಿಗ್ಗೊತ್ತು. ನಮ್ಮ ಮನ್ಯಾವ್ರಿಗೆ ಹಸಿವಿ ತಡಿಯೂದಿಲ್ಲ."

ಮಾಸ್ತರರ ರಜೆ

ವಿಜ್ಞಾನದ ಮಾಸ್ತರರು ಗೋಧಿ ಬೀಸಿಸಲು ಬಂದರು. ಕಾಯುತ್ತ ಕುಳಿತಿದ್ದವರು ಅವರನ್ನು ಸುತ್ತಿಕೊಂಡರು. ಅವರು ಎರಡು ಜೋಳದ ಕಾಳು ತೆಗೆದುಕೊಂಡು ಒಂದಕ್ಕೊಂದು ಚಿಮ್ಮಿ ತೋರಿಸಿದರು. ಇಷ್ಟೇ ಆಗುವುದು ಎಂದರು. ಇಂಥ ಡಿಕ್ಕಿಗಳು ಆಕಾಶದಲ್ಲಿ ದಿನಾಲೂ ಆಗುತ್ತವೆ, ಭೂಮಿಗೆ ಏನೂ ಆಗಿಲ್ಲ ಎಂದರು.

ಅಲ್ಲಿ ಒಬ್ಬ ರೈತನಿದ್ದ. ಸಿಡಿಲಿಗೆ, ಹಾವಿಗೆ, ಇಂಜೆಕ್ಷನ್ನಿಗೆ ಎಲ್ಲದಕ್ಕೂ ಅಂಜುವವನು. ಆ ವಾರ ಅವನು ಒಂದು ಕಡೆ ನಿಂತದ್ದನ್ನು ಯಾರೂ ನೋಡಿರಲಿಲ್ಲ.

"ದಿನಾ ತಾನ ಆಗತಿದ್ರ ಇವ್ರ್ಯಾಕ ಮತ್ತ ಮಾಡಾಕತ್ತಾರ್ರಿ?" ಎಂದು ಕೇಳಿದ.

ಜಗತ್ತು ಹೇಗೆ ಹುಟ್ಟಿತು ಎಂದು ತಿಳಿಯಲು, ಎಂದರು ಮಾಸ್ತರರು. ಹುಟ್ಟಿದ್ದನ್ನು ತಿಳಿಯಲು ಹೋಗಿ ಸಾಯುವುದೇ ಆಗಬಾರದು ಎಂದ ರೈತ. ಮಾಸ್ತರರು ಮತ್ತೆ ಕಾಳು ಚಿಮ್ಮಿದರು. ಜನಕ್ಕೆ ಸ್ವಲ್ಪ ಧೈರ್ಯ ಬಂತು.

ಬುಧವಾರ ಮಾಸ್ತರರು ಶಾಲೆಗೆ ರಜೆ ಹಾಕಿ ಬೈಲಹೊಂಗಲದ ಮಾವನ ಮನೆಗೆ ಹೋದರು. ತಿರುಗಿ ಬಂದ ಮೇಲೆ, ಅಂಜಿದಿರಾ ಎಂದು ಕೇಳಿದೆ.

"ಯಂತ್ರಕ್ಕ ಅಂಜಲಿಲ್ರಿ. ನಾ ಹೇಳಿದ್ದು ತಪ್ಪಾಗಿದ್ರ ಊರ ಮಂದಿ ನನ್ನ ಸುಮ್ನ ಬಿಡ್ತಿದ್ರೇನ್ರಿ?"

ನಡುವಿನ ಡಬ್ಬಿ

ಆ ಅಂಜುವ ರೈತನಿಗೆ ಒಬ್ಬ ಅಣ್ಣ. ಇಬ್ಬರ ಹೊಲವೂ ಅಕ್ಕಪಕ್ಕ. ಅಣ್ಣನದು ಎರಿ, ಕಪ್ಪು ಮಣ್ಣು; ತಮ್ಮನದು ಬರೀ ಗರಸು, ಕಲ್ಲುಹರಳಿನ ನೆಲ. ನಡುವೆ ಹಳ್ಳದ ದಂಡೆಗೆ ಒಂದು ಪಟ್ಟಿ ನೆಲವಿತ್ತು, ಒಳ್ಳೆಯ ಎರಿ. ಅಪ್ಪ ಸಾಯುವಾಗ ಅದು ನನಗೇ ಸೇರಬೇಕು ಎಂದಿದ್ದ ಎಂದು ತಮ್ಮನ ಮಾತು. ನಾನು ಕೇಳಿಲ್ಲ ಎಂದು ಅಣ್ಣನ ಮಾತು. ಬಿತ್ತುತ್ತಿದ್ದವನು ಅಣ್ಣ. ತಮ್ಮನ ಮನೆಗೆ ಗರಸಿನ ಜೋಳ ವರ್ಷ ಪೂರ್ತಿ ಸಾಲುತ್ತಿರಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಅವನ ಡಬ್ಬಿಯಲ್ಲಿ ಸಂತೆಯ ಜೋಳ ಬರುತ್ತಿತ್ತು. ಪಟ್ಟಿ ಸಿಕ್ಕರೆ ಅವನು ಮನೆಯ ಜೋಳವನ್ನೇ ಉಣ್ಣಬಹುದಿತ್ತು.

ಇಬ್ಬರೂ ಮಾತು ಬಿಟ್ಟು ಬಹಳ ವರ್ಷಗಳಾಗಿದ್ದವು. ಗಿರಣಿಯಲ್ಲಿ ಜನ ಸಾಲು ಹಿಡಿಯುವುದಿಲ್ಲ, ಡಬ್ಬಿಗಳು ಹಿಡಿಯುತ್ತವೆ. ಸಾಲಿನ ಕೊನೆಗೆ ಅಣ್ಣನ ಡಬ್ಬಿ ಇದ್ದರೆ ತಮ್ಮ ತನ್ನದನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಿದ್ದ. ಬೇರೆ ಯಾರದಾದರೂ ಡಬ್ಬಿ ನಡುವೆ ಕುಳಿತ ಮೇಲೆ ಇಡುತ್ತಿದ್ದ. ಅಣ್ಣನೂ ಹಾಗೆಯೇ.

ಮಂಗಳವಾರ ಸಂಜೆ ಅಣ್ಣನ ಡಬ್ಬಿ ಒಂದೇ ಉಳಿದಿತ್ತು. ತಮ್ಮ ಡಬ್ಬಿ ಹಿಡಿದು ಬಂದ. ನಿಂತ. ರಸ್ತೆ ನೋಡಿದ. ಯಾರೂ ಬರಲಿಲ್ಲ. ಕೊನೆಗೆ ಅಣ್ಣನ ಡಬ್ಬಿಗೆ ತಗಲುವಂತೆ ತನ್ನದನ್ನು ಇಟ್ಟ.

ಅಣ್ಣ ಎರಡೂ ಡಬ್ಬಿಗಳನ್ನು ನೋಡುತ್ತ ಕುಳಿತ. ಆಮೇಲೆ ನನ್ನ ಕಡೆ ತಿರುಗಿದ.

"ನಾಳೆ ಉಳದ್ರ ಆ ಪಟ್ಟಿ ಅವಂದ ಅಂತ ಹೇಳ್ರಿ ಅವಗ."

ತಮ್ಮ ಅಲ್ಲೇ ಒಂದು ಮಾರು ದೂರದಲ್ಲಿದ್ದ. ಅವನಿಗೆ ಕೇಳಿಸಿದೆ ಎಂದೆ. ತಮ್ಮ ಅತ್ತ. ಟವೆಲ್ಲಿನಲ್ಲಿ ಮೂಗು ಒರೆಸಿಕೊಂಡು ಅವನೂ ನನ್ನ ಕಡೆ ತಿರುಗಿದ.

"ಬೀಜಾನೂ ಅವ್ನ ಕೊಡಬೇಕ ಅಂತ ಹೇಳ್ರಿ."

ಕರೆಂಟು

ಬುಧವಾರ ಮಧ್ಯಾಹ್ನ ಗಿರಣಿ ತುಂಬಿತ್ತು. ಮನೆಯಲ್ಲಿ ಒಬ್ಬರೇ ಇರಲು ಯಾರಿಗೂ ಮನಸ್ಸಿರಲಿಲ್ಲ. ಜೋಳ ತರದವರೂ ಬಂದು ಕುಳಿತಿದ್ದರು. ತಮ್ಮ ಗೋಡೆಯ ಗಡಿಯಾರದ ಕೆಳಗೆ ನಿಂತು, ನಡೆದು, ಮತ್ತೆ ನಿಲ್ಲುತ್ತಿದ್ದ.

ಟಿ.ವಿ.ಯವರು ಹೇಳಿದ ಹೊತ್ತಿಗೆ ಸರಿಯಾಗಿ ಗಿರಣಿಯ ಸದ್ದು ಇಳಿಯಿತು. ಮೋಟರಿನ ಬೆಲ್ಟು ನಿಧಾನವಾಯಿತು. ನಿಂತಿತು. ತಮ್ಮ ಕಣ್ಣು ಮುಚ್ಚಿ ನೆಲಕ್ಕೆ ಕುಕ್ಕರಿಸಿದ. ಚೀಲದ ಮೇಲೆ ಕುಳಿತಿದ್ದ ಒಬ್ಬ ಅಜ್ಜಿ, ಆಯಿತು ಬಿಡಿ ಎಂದು ಸೆರಗು ಹೊದ್ದು ಕಣ್ಣು ಮುಚ್ಚಿದಳು.

ಮೂಲೆಯಲ್ಲಿ ಕುಳಿತಿದ್ದ ಅಣ್ಣನ ದನಿ ಕೇಳಿತು.

"ಲೇ ತಮ್ಮಾ, ಅದೀ ಏನ?"

"ಅದೇನಿ. ನೀ?"

"ನಾನೂ ಅದೇನಿ."

ಇಷ್ಟು ವರ್ಷಗಳ ಮೇಲೆ ಇಬ್ಬರೂ ನೇರವಾಗಿ ಆಡಿದ ಮೊದಲ ಮಾತು ಅದು. ನಾನು ಕರೆಂಟ್ ಆಫೀಸಿಗೆ ಫೋನ್ ಮಾಡಿದೆ. ಲೋಡ್ ಶೆಡ್ಡಿಂಗ್, ಸಂಜೆಗೆ ಬರುತ್ತದೆ ಎಂದರು. ಅದನ್ನೇ ಜನಕ್ಕೆ ಹೇಳಿದೆ. ಅಜ್ಜಿ ಒಂದೇ ಕಣ್ಣು ತೆರೆದಳು.

"ಇವತ್ತ ಒಂದಿನ ಆದ್ರೂ ಇರಬಾರದಿತ್ತೇನ್ರಿ ಆ ಕರೆಂಟ? ನಾ ಎಲ್ಲಾ ತಯಾರಾಗಿ ಕುಂತಿದ್ನಿ."

ಡಿಕ್ಕಿ ಆಗಿಲ್ಲ

ಮರುದಿನ ಬೆಳಿಗ್ಗೆ ತಮ್ಮ ಎತ್ತು ಹೊಡೆದುಕೊಂಡು ಪಟ್ಟಿಗೆ ಹೋದ. ಅಣ್ಣ ಆಗಲೇ ಅಲ್ಲಿ ನಿಂತಿದ್ದ. ಬಗಲಲ್ಲಿ ಪೇಪರು. ನಸುಕಿನಲ್ಲೇ ನನ್ನ ಗಿರಣಿಯಿಂದ ಒಯ್ದ ಪೇಪರು ಅದು. ನಿನ್ನೆ ಕಣಗಳನ್ನು ಸುರಂಗದಲ್ಲಿ ಓಡಿಸಿ ನೋಡಿದ್ದಾರೆ ಅಷ್ಟೇ, ಡಿಕ್ಕಿ ಇನ್ನು ಮುಂದೆ ಎಂದು ಅದರಲ್ಲಿ ಬರೆದಿತ್ತು.

ತಮ್ಮ ಎತ್ತನ್ನು ಅಲ್ಲೇ ಬಿಟ್ಟು ಗಿರಣಿಗೆ ಬಂದ.

"ಕಾಕಾ, ಡಿಕ್ಕಿ ಆಗಿಲ್ಲ ಅಂದ್ರ ನಾವ್ ಇನ್ನೂ ಉಳದಿಲ್ಲ ಅಂತಾನ್ರಿ ಅಣ್ಣ."

ಪೇಪರಿನಲ್ಲಿ ಹಾಗೆಯೇ ಇದೆ ಎಂದೆ.

ಸ್ವಲ್ಪ ದಿನಕ್ಕೆ ಆ ಯಂತ್ರ ಕೆಟ್ಟು ನಿಂತ ಸುದ್ದಿ ಬಂತು. ದುರಸ್ತಿಗೆ ಬಹಳ ದಿನ ಬೇಕಂತೆ. ಅಣ್ಣ ಗಿರಣಿಯಲ್ಲಿ ಎಲ್ಲರಿಗೂ ಶೇಂಗಾ ಬೆಲ್ಲ ಹಂಚಿ, ಪಟ್ಟಿಗೆ ತಾನೇ ಜೋಳ ಬಿತ್ತಿದ. ತಮ್ಮನಿಗೆ ಊಟ ಸೇರಲಿಲ್ಲ. ಯಂತ್ರ ರಿಪೇರಿ ಆಯಿತೇ ಎಂದು ಬಂದು ಬಂದು ಕೇಳುತ್ತಿದ್ದ. ಯಾಕೆ ತಡ ಮಾಡುತ್ತಿದ್ದಾರೆ, ಅಲ್ಲಿ ಒಳ್ಳೆಯ ಮಿಸ್ತ್ರಿ ಇಲ್ಲವೇ ಎಂದು ಮಾಸ್ತರರ ಬೆನ್ನು ಹತ್ತಿದ. ಕೊನೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗಿ, ಯಂತ್ರ ಬೇಗ ನೆಟ್ಟಗಾಗಲಿ ಎಂದು ಕಾಯಿ ಒಡೆಸಿ ಬಂದ. ಪ್ರಸಾದವನ್ನು ಮಾಸ್ತರರಿಗೂ ಕೊಟ್ಟ. ಆ ವಿಜ್ಞಾನಿಗಳಿಗೆ ಕಳಿಸಲು ಬರುವುದಾದರೆ ಕಳಿಸಿರಿ ಎಂದ.

ಮೊಣಕಾಲು

ಯಂತ್ರ ನೆಟ್ಟಗಾಯಿತು. ಡಿಕ್ಕಿಯೂ ಆಯಿತು. ತಮ್ಮ ಪೇಪರು ಹಿಡಿದು ಓಡಿದ. ಇದು ಸಣ್ಣ ಡಿಕ್ಕಿ, ದೊಡ್ಡದು ಮುಂದಿದೆ ಎಂದ ಅಣ್ಣ. ಕೇಳಿ ನೋಡಿದರೆ ಮಾಸ್ತರರೂ ಹೌದೆಂದರು. ದೊಡ್ಡದೂ ಆಯಿತು. ಯಂತ್ರ ನಿಲ್ಲಿಸಿ ಇನ್ನೂ ಜೋರು ಮಾಡುತ್ತಾರಂತೆ ಎಂದ ಅಣ್ಣ. ಅದೂ ನಿಜವೇ ಆಗಿತ್ತು. ಹೀಗೇ ವರ್ಷಗಳು ಹೋದವು. ಇಬ್ಬರ ನಡುವೆ ಮಾತಂತೂ ಬೆಳೆಯಿತು, ಎಲ್ಲವೂ ಡಿಕ್ಕಿಯದೇ. ತಮ್ಮನ ಡಬ್ಬಿಯಲ್ಲಿ ಬೇಸಿಗೆಗೆ ಸಂತೆಯ ಜೋಳ ಬರುವುದು ನಿಲ್ಲಲಿಲ್ಲ.

ಹೋದ ವರ್ಷ ಹಿಂಗಾರಿ ಬಿತ್ತನೆಗೆ ಮುಂಚೆ ಅಣ್ಣ ಕೋಲು ಊರಿಕೊಂಡು ಗಿರಣಿಗೆ ಬಂದ. ತಮ್ಮನೂ ಅಲ್ಲಿದ್ದ.

"ಪಟ್ಟಿ ಇನ್ನ ನೀನ ಬಿತ್ಕೋ. ನನ್ನ ಮೊಣಕಾಲ ಕೇಳೂದಿಲ್ಲ," ಎಂದ. ಹಿಟ್ಟು ತೆಗೆದುಕೊಂಡು ಹೋದ.

ಅಣ್ಣ ರಸ್ತೆ ದಾಟುವವರೆಗೆ ನೋಡಿ ತಮ್ಮ ನನ್ನ ಹತ್ತಿರ ಬಂದ.

"ಕಾಕಾ, ಟಿ.ವಿ.ಯಾಗ ಏನರ ಹೇಳ್ಯಾರೇನ್ರಿ?"

"ಇಲ್ಲ."

"ಪೇಪರಿನ್ಯಾಗ?"

"ಇಲ್ಲ. ಅವನ ಮೊಣಕಾಲ ಹೋಗ್ಯಾವು."

"ಮೊಣಕಾಲ ನೋವಿಗೆ ಯಾರರ ಎರಿ ಹೊಲ ಬಿಡ್ತಾರೇನ್ರಿ? ಮದಲ ಕೊಡತೇನಿ ಅಂದಾಗ ಭೂಮಿ ಮುಳಗೂದಿತ್ತು. ಈಗ ಕೇಳದನ ಕೊಟ್ಟಾನ. ಅವಗ ಏನೋ ಗೊತ್ತಾಗೇತಿ."

ಸುಮ್ಮನೆ ಹೋಗಿ ಜೋಳ ಬಿತ್ತು ಎಂದೆ.

ಸ್ವಲ್ಪ ದಿನ ಬಿಟ್ಟು ಆ ಕಡೆ ಹೋದೆ. ಪಟ್ಟಿಯಲ್ಲಿ ಒಂದು ಜೋಳದ ಸಸಿಯೂ ಇರಲಿಲ್ಲ. ಈ ಬದುವಿನಿಂದ ಆ ಬದುವಿನವರೆಗೆ ಮೆಂತ್ಯದ ಸೊಪ್ಪು. ಇಷ್ಟು ವರ್ಷ ಜೋಳಕ್ಕಾಗಿ ಬಡಿದಾಡಿ ಇದೇನು ಎಂದು ಕೇಳಿದೆ. ಅವನು ಒಮ್ಮೆ ಆಕಾಶ ನೋಡಿದ, ಒಮ್ಮೆ ಅಣ್ಣನ ಮನೆಯ ಕಡೆ ನೋಡಿದ.

"ಜೋಳ ಕೈಗೆ ಬರಾಕ ಬ್ಯಾಸಿಗಿ ಬರಬೇಕ್ರಿ. ಮೆಂತೆ ತಿಂಗಳದಾಗ ಬರತೈತಿ. ಅಷ್ಟ ದಿನ ಭೂಮಿ ತಡದೀತು."